ಗೆರೆ ಅಚ್ಚಿನದು, ಬಣ್ಣ ಕೈಯದು

ಈ ಸಲದ ಬರಹ ಶುಭಾಶಯ ಪತ್ರಗಳ ಚರಿತ್ರೆಯನ್ನು ಕುರಿತದ್ದು. ಆ ಚರಿತ್ರೆಯ ನಡುವೆ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಚರಿತ್ರೆ ಬೇಡವೆನಿಸಿದವರು ತಪ್ಪಿನ ಕಥೆಯನ್ನಾದರೂ ಓದಬೇಕೆಂದು ವಿನಂತಿ.

ದಸರಾ ರಜೆಗೆಂದು ಮೊಮ್ಮಗಳು ಬೆಂಗಳೂರಿನಿಂದ ಮೂಡುಬಿದಿರೆಯ ನಮ್ಮ ಮನೆಗೆ ಬಂದಿದ್ದಳು. ಬಂದ ಎರಡನೆಯ ದಿನವೇ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಕೆಲವು ಹಾಳೆಗಳನ್ನು ಮುದ್ರಿಸಿ ತಂದಳು. ಹಾಳೆಗಳ ಮೇಲೆ ಬಣ್ಣವಿಲ್ಲದ ಕಪ್ಪು ಗೆರೆಯ ಚಿತ್ರಗಳಿದ್ದವು: ಹಣತೆ, ತಾವರೆ, ಗಿಳಿ, ಮಳೆಯಲ್ಲಿ ಕೊಡೆ ಹಿಡಿದ ಹುಡುಗಿ. ಅವುಗಳನ್ನು ಕತ್ತರಿಸಿ, ಬಣ್ಣದ ಪೆನ್ಸಿಲಿನಿಂದ ತುಂಬಿ, ದಪ್ಪ ಕಾಗದದ ಮೇಲೆ ಅಂಟಿಸಿ, ಚಿಕ್ಕಪ್ಪ, ಅತ್ತೆ, ಮಾವಂದಿರ ಮನೆಗಳಿಗೆಲ್ಲ ದೀಪಾವಳಿಯ ಶುಭಾಶಯ ಪತ್ರಗಳನ್ನು ಸಿದ್ಧಪಡಿಸಿದಳು.

"ಇದನ್ನು ನೀನೇ ಬಿಡಿಸಿದೆಯಾ?" ಎಂದು ಕೇಳಿದೆ.

"ಗೆರೆ ನನ್ನದಲ್ಲ ಅಜ್ಜ, ಬಣ್ಣ ಮಾತ್ರ ನನ್ನದು" ಎಂದಳು.

ಅವಳ ಮಾತಿನಲ್ಲಿ ಸಂಕೋಚವೂ ಇರಲಿಲ್ಲ, ಜಂಬವೂ ಇರಲಿಲ್ಲ. ನನಗಾದರೋ ಆ ಮಾತು 1986ನೆಯ ಇಸವಿಯ ಒಂದು ಮಧ್ಯಾಹ್ನವನ್ನು ತಂದು ಕಣ್ಣ ಮುಂದೆ ನಿಲ್ಲಿಸಿತು.

ಅವಳು ಮುದ್ರಿಸಿ ತಂದದ್ದಕ್ಕೆ ಡಿಜಿಟಲ್ ಸ್ಟಾಂಪ್ ಎಂದು ಹೆಸರು. ಸ್ಟಾಂಪ್ ಎಂದರೆ ಅಂಚೆಚೀಟಿಯಲ್ಲ, ನಮ್ಮ ಕಚೇರಿಗಳ ಠಸ್ಸೆ. ಚಿತ್ರಕಾರರು ಗೆರೆಯ ಚಿತ್ರವನ್ನು ಬರೆದು ಕಂಪ್ಯೂಟರಿನ ಕಡತವಾಗಿ ಅಂತರಜಾಲದಲ್ಲಿ ಇಡುತ್ತಾರೆ. ಕೆಲವಕ್ಕೆ ಬೆಲೆಯಿದೆ, ಕೆಲವು ಉಚಿತ. ರಬ್ಬರಿನ ಠಸ್ಸೆಗೆ ಒಂದೇ ಅಳತೆ, ಒಂದೇ ಮುಖ. ಈ ಠಸ್ಸೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಎಡಕ್ಕೆ ನೋಡುವ ಗಿಳಿಯನ್ನು ಬಲಕ್ಕೆ ತಿರುಗಿಸಬಹುದು. ಎಷ್ಟು ಸಲ ಒತ್ತಿದರೂ ಸವೆಯದು. ಸುಮಾರು 2000ರ ದಶಕದ ಕೊನೆಯ ವರ್ಷಗಳಿಂದ, ಕೈಯಾರೆ ಶುಭಾಶಯ ಪತ್ರ ಮಾಡುವ ಹವ್ಯಾಸಿಗಳಲ್ಲಿ ಇದು ಬಳಕೆಗೆ ಬಂದಿತು. ದುಬಾರಿ ರಬ್ಬರ್ ಠಸ್ಸೆಗಳನ್ನು ಕೊಳ್ಳಲಾರದವರಿಗೆ ಇದು ದೊಡ್ಡ ಉಪಕಾರ.

ಇನ್ನು 1986ರ ಕಥೆ. ಆಗ ನಾನು ಬೆಳ್ತಂಗಡಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಡಿಸೆಂಬರ್ ಬಂತೆಂದರೆ ಮಕ್ಕಳಿಗೆ ಹೊಸ ವರ್ಷದ ಗ್ರೀಟಿಂಗ್ ಕಾರ್ಡಿನ ಸಂಭ್ರಮ. ಅಂಗಡಿಯಲ್ಲಿ ಹೊಳೆಯುವ ಕಾರ್ಡುಗಳನ್ನು ದಾರಕ್ಕೆ ತೂಗಿಹಾಕುತ್ತಿದ್ದರು. ಕೊಳ್ಳಬಲ್ಲವರು ಕೊಳ್ಳುತ್ತಿದ್ದರು; ಉಳಿದವರು ನೋಡುತ್ತಿದ್ದರು. ಈ ಭೇದ ತೊಲಗಲೆಂದು ನಾನೇ ಒಂದು ಸ್ಪರ್ಧೆ ಏರ್ಪಡಿಸಿದೆ. ಕಾರ್ಡನ್ನು ಸ್ವಹಸ್ತದಿಂದ ಮಾಡಿರಬೇಕು ಎಂಬುದೊಂದೇ ನಿಯಮ.

ಏಳನೆಯ ತರಗತಿಯ ಹುಡುಗನೊಬ್ಬ ಒಂದು ಕಾರ್ಡಿನ ಬದಲು ಮೂವತ್ತಕ್ಕೂ ಹೆಚ್ಚು ಕಾರ್ಡುಗಳ ಕಟ್ಟನ್ನೇ ತಂದ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಬ್ಲೇಡಿನಿಂದ ಮಿಂಚುಳ್ಳಿ ಹಕ್ಕಿಯೊಂದನ್ನು ಕೆತ್ತಿ, ಚಿಮಿಣಿ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಅದಕ್ಕೆ ಹಚ್ಚಿ, ಹಳೆಯ ನೋಟ್ ಪುಸ್ತಕದ ರಟ್ಟಿನ ಒಳಮೈಯ ಮೇಲೆಲ್ಲ ಒತ್ತಿದ್ದ. ಬಸಳೆ ಹಣ್ಣಿನ ರಸದಿಂದ ನೇರಳೆ, ಅರಸಿನದಿಂದ ಹಳದಿ, ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು. ಒಂದು ಹಕ್ಕಿಯ ಬಣ್ಣ ಇನ್ನೊಂದಕ್ಕಿರಲಿಲ್ಲ. ತರಗತಿಯ ಪ್ರತಿಯೊಬ್ಬನಿಗೂ ಒಂದು, ನನಗೊಂದು ಎಂದು ಲೆಕ್ಕಹಾಕಿ ಮಾಡಿದ್ದ.

ನಾನು ಅದನ್ನು ತಿರುವಿ ನೋಡಿ, "ಇದು ಚಿತ್ರವಲ್ಲ, ಠಸ್ಸೆ. ಸ್ಪರ್ಧೆಗೆ ಸಲ್ಲುವುದಿಲ್ಲ" ಎಂದೆ. ತರಗತಿ ನಕ್ಕಿತು. ಹುಡುಗ ಏನನ್ನೂ ಹೇಳಲಿಲ್ಲ. ತನ್ನ ಕಟ್ಟಿನಿಂದ ಒಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, ಉಳಿದದ್ದನ್ನು ಚೀಲಕ್ಕೆ ಸೇರಿಸಿಕೊಂಡ.

ಅದೇ ದಿನ ಮಧ್ಯಾಹ್ನ ಭೂಗೋಳದ ಪಾಠವಿತ್ತು. ಶಾಲೆಯ ಕಪಾಟಿನಿಂದ ಭಾರತದ ಭೂಪಟದ ರಬ್ಬರ್ ಠಸ್ಸೆಯನ್ನು ತೆಗೆದು ಒಬ್ಬೊಬ್ಬರ ಪುಸ್ತಕದಲ್ಲೂ ಒತ್ತುತ್ತಾ ಬಂದೆ. "ನದಿಗಳನ್ನು ನೀಲಿಯಲ್ಲಿ ಬರೆಯಿರಿ, ಬಣ್ಣ ಅಂದವಾಗಿರಲಿ" ಎಂದು ಹೇಳಿದೆ. ಆ ಹುಡುಗನೂ ಪುಸ್ತಕ ತೆರೆದು ಹಿಡಿದ. ಅವನ ಪುಸ್ತಕದ ಮೇಲೂ ಠಸ್ಸೆ ಒತ್ತಿದೆ. ಬೆಳಿಗ್ಗೆ ಅವನಿಗೆ ಯಾವುದನ್ನು ಅಲ್ಲಗಳೆದೆನೋ ಅದನ್ನೇ ಮಧ್ಯಾಹ್ನ ನಾನೇ ಮಾಡುತ್ತಿದ್ದೇನೆಂಬುದು ನನಗೆ ಹೊಳೆಯಲಿಲ್ಲ. ಅದು ಹೊಳೆದದ್ದು ಬಹಳ ವರ್ಷಗಳ ಅನಂತರ, ಚರಿತ್ರೆಯನ್ನು ಓದತೊಡಗಿದಾಗ.

ಆ ಚರಿತ್ರೆ ಇಂತಿದೆ. ವ್ಯಾಪಾರಕ್ಕಾಗಿ ಅಚ್ಚಾದ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರ 1843ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಬ್ರಿಟನ್ನಿನಲ್ಲಿ 1840ರಿಂದ ಒಂದು ಪೆನ್ನಿಗೆ ಎಲ್ಲಿಗಾದರೂ ಪತ್ರ ತಲುಪುವ ವ್ಯವಸ್ಥೆ ಬಂದಿತ್ತು. ಆ ಸುಧಾರಣೆಗೆ ದುಡಿದವರಲ್ಲಿ ಒಬ್ಬರಾದ ಹೆನ್ರಿ ಕೋಲ್, ಸ್ನೇಹಿತರೆಲ್ಲರಿಗೂ ಬೇರೆ ಬೇರೆ ಪತ್ರ ಬರೆಯಲು ಬಿಡುವಿಲ್ಲದೆ, ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿದರು. ನಡುವೆ ಔತಣದಲ್ಲಿ ಕುಳಿತ ಕುಟುಂಬ. ಎರಡು ಬದಿಗಳಲ್ಲಿ ಬಡವರಿಗೆ ಅನ್ನ, ಬಟ್ಟೆ ನೀಡುವ ದೃಶ್ಯ. ಇದನ್ನು ಕಲ್ಲಚ್ಚಿನಲ್ಲಿ ಸುಮಾರು 1000 ಪ್ರತಿ ತೆಗೆಸಿದರು. ಕಲ್ಲಚ್ಚು ಕೊಟ್ಟದ್ದು ಬರಿಯ ಗೆರೆಯನ್ನು. ಬಣ್ಣವನ್ನು ಒಂದೊಂದು ಪ್ರತಿಗೂ ಕೈಯಿಂದಲೇ ತುಂಬಲಾಯಿತು! ನನ್ನ ವಿದ್ಯಾರ್ಥಿ ಚಪ್ಪಲಿಯ ಅಟ್ಟೆಯಿಂದ ಮಾಡಿದ್ದೂ ಇದನ್ನೇ. ಒಂದು ವ್ಯತ್ಯಾಸ ಮಾತ್ರ: ಲಂಡನ್ನಿನ ಕಾರ್ಡಿನ ಬೆಲೆ ಒಂದು ಶಿಲ್ಲಿಂಗ್, ಕೂಲಿಯವರ ಕೈಗೆ ಎಟುಕದ ಬೆಲೆ.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಅದೂ ಕಲ್ಲಚ್ಚಿನದೇ. ಬಾಸೆಲ್ ಮಿಷನಿನವರು 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದ್ದರು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಮುದ್ರಣದ ಶಾಯಿ ಸವರುತ್ತಾರೆ. ಜಿಡ್ಡಿದ್ದ ಕಡೆ ಶಾಯಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ಖರ್ಚಿಲ್ಲ. ಕೈಬರಹವನ್ನೇ ನೂರು ಪ್ರತಿ ಮಾಡುವ ಅಗ್ಗದ ಉಪಾಯ ಅದು. ಕೈಬರಹ ಕಲ್ಲಿನ ಮೂಲಕ ಬಂದಿತೆಂದು ಆ ಪತ್ರಿಕೆಯನ್ನು ಯಾರೂ ಕೀಳಾಗಿ ಕಾಣಲಿಲ್ಲ.

ಅಗ್ಗದ ಅಚ್ಚಿಗೆ ಅಗ್ಗದ ಅಂಚೆಯೂ ಜೊತೆಗೂಡಿತು. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಬಂದಿತು. ನಮ್ಮ ಕಾಲದಲ್ಲಿ ಮದುವೆಯ ಕರೆಯೋಲೆ, ಗ್ರೀಟಿಂಗ್ ಕಾರ್ಡುಗಳನ್ನು ಬಾಯಿ ಅಂಟಿಸದ ಲಕೋಟೆಯಲ್ಲಿಟ್ಟು, ಮೇಲೆ 'ಬುಕ್ ಪೋಸ್ಟ್' ಎಂದು ಬರೆದು ಕಡಿಮೆ ದರದಲ್ಲಿ ಕಳುಹಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ಕರೆಯೋಲೆ ಎಂದೊಡನೆ ಬಂಟ್ವಾಳ ಪೇಟೆಯ ಒಂದು ಸಣ್ಣ ಮುದ್ರಣಾಲಯ ನೆನಪಾಗುತ್ತದೆ. ಅಕ್ಕನ ಮದುವೆಯ ಕರೆಯೋಲೆ ಅಚ್ಚುಹಾಕಿಸಲು ತಂದೆಯವರೊಡನೆ ನಾನೂ ಹೋಗಿದ್ದೆ. ಮೊಳೆ ಜೋಡಿಸುವವರು ಒಂದು ಮರದ ಪೆಟ್ಟಿಗೆಯನ್ನು ತೆರೆದು ತೋರಿಸಿದರು. ಅದರಲ್ಲಿ ಗಣಪತಿ, ಕಲಶ, ಬಾಳೆಗಿಡ, ವಾಲಗದವರು ಮುಂತಾದ ಚಿತ್ರಗಳ ಬ್ಲಾಕುಗಳು; ಸತುವಿನ ತಗಡನ್ನು ಮರದ ತುಂಡಿನ ಮೇಲೆ ಕೂರಿಸಿದವು. ತಂದೆಯವರು ಗಣಪತಿಯನ್ನು ಆರಿಸಿದರು. ಅದೇ ಗಣಪತಿ ಆ ವರ್ಷ ನಮ್ಮ ನೆರೆಮನೆಯ ಕರೆಯೋಲೆಯಲ್ಲೂ ಇದ್ದ. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಕರೆಯೋಲೆಗಳು ಅಚ್ಚಾಗಿ ಬಂದ ಮೇಲೆ ಅಮ್ಮ ಚಾವಡಿಯಲ್ಲಿ ಕುಳಿತು ಪ್ರತಿಯೊಂದರ ನಾಲ್ಕು ಮೂಲೆಗೂ ಅರಸಿನ ಹಚ್ಚಿದರು. ಗೆರೆ ಊರಿಗೆಲ್ಲ ಸಮಾನ, ಅರಸಿನ ನಮ್ಮ ಮನೆಯದು. ಆ ಬೆರಳಿನ ಗುರುತಿಲ್ಲದೆ ಕರೆಯೋಲೆ ಮನೆಯಿಂದ ಹೊರಡುತ್ತಿರಲಿಲ್ಲ.

ಮೂಡುಬಿದಿರೆಯಲ್ಲಿ ನೆಲಸಿದ ಮೇಲೆ ಇನ್ನೊಂದು ವಿಚಾರ ಮನಸ್ಸನ್ನು ಹಿಡಿಯಿತು. ಇಲ್ಲಿಯ ಗುರು ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ 'ಧವಲಾ', 'ಜಯಧವಲಾ', 'ಮಹಾಧವಲಾ' ಗ್ರಂಥಗಳ ಓಲೆಪ್ರತಿಗಳು ಜಗತ್ಪ್ರಸಿದ್ಧ. ಅವುಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಸುಮಾರು 12ನೆಯ ಶತಮಾನದವೆಂದು ವಿದ್ವಾಂಸರು ಹೇಳುತ್ತಾರೆ. ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಆರಂಭವಾಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಸಂಪುಟಗಳು ಅಮರಾವತಿಯಿಂದ ಮುದ್ರಣಗೊಂಡು ಹೊರಬಂದವು. ನಕಲು ಮಾಡಿದವರ ಕೈಗಳಿಲ್ಲದಿದ್ದರೆ ಆ ಗ್ರಂಥ ಪೂಜೆಯ ವಸ್ತುವಾಗಿಯೇ ಉಳಿಯುತ್ತಿತ್ತು. ನಕಲು ಎಂಬ ಶಬ್ದವನ್ನು ಪರೀಕ್ಷೆಯ ಕೊಠಡಿಯಲ್ಲಿ ಕೇಳಿ ಕೇಳಿ, ಅದಕ್ಕೊಂದು ಗೌರವದ ಅರ್ಥವೂ ಇದೆಯೆಂಬುದನ್ನು ನಾವು ಅಧ್ಯಾಪಕರು ಮರೆತಿರುತ್ತೇವೆ.

ಹಾಗಾದರೆ ಸ್ವಹಸ್ತ ಎಂದರೇನು? ಗೆರೆಯನ್ನು ಅಚ್ಚಿನಿಂದ ಎರವಲು ಪಡೆಯುವುದು ಮೋಸವಲ್ಲ. ಚಿತ್ರಕಲೆ ಬಾರದವರಿಗೂ ಹಣವಿಲ್ಲದವರಿಗೂ, ತಮ್ಮ ಕೈಯಿಂದ ಏನನ್ನಾದರೂ ಸೇರಿಸಿ ಇನ್ನೊಬ್ಬರಿಗೆ ಕೊಡುವ ಅವಕಾಶವನ್ನು ಅಚ್ಚು ಮೊದಲಿನಿಂದಲೂ ಒದಗಿಸುತ್ತ ಬಂದಿದೆ. ಸ್ಪರ್ಧೆಯನ್ನು ಏರ್ಪಡಿಸಿದ್ದು ಕಾರ್ಡು ಕೊಳ್ಳಲಾರದ ಮಕ್ಕಳಿಗಾಗಿ. ಆ ಉದ್ದೇಶವನ್ನು ಎಲ್ಲರಿಗಿಂತ ಚೆನ್ನಾಗಿ ನೆರವೇರಿಸಿದವನು ಆ ಹುಡುಗ. ಬಹುಮಾನಕ್ಕೆಂದು ಒಂದು ಕಾರ್ಡು ಮಾಡದೆ, ತರಗತಿಯಲ್ಲಿ ಕಾರ್ಡು ಸಿಗದವನು ಒಬ್ಬನೂ ಇರಬಾರದೆಂದು ಮೂವತ್ತು ಕಾರ್ಡು ಮಾಡಿದ್ದ. ನಾನು ನಿಯಮವನ್ನು ಕಂಡೆ, ಅವನನ್ನು ಕಾಣಲಿಲ್ಲ.

ಮಕ್ಕಳಿಗೆ ಮಾಡಿಸಬಯಸುವ ತಾಯಂದಿರಿಗಾಗಿ, ಅಧ್ಯಾಪಕರಾಗಿರುವ ನನ್ನ ವಿದ್ಯಾರ್ಥಿಗಳಿಗಾಗಿ, ಮೊಮ್ಮಗಳಿಂದ ಕಲಿತ ನಾಲ್ಕು ಮಾತು. ಒಂದು ಎ-4 ಹಾಳೆಯಲ್ಲಿ ನಾಲ್ಕು ಚಿತ್ರ ಹೊಂದಿಸಿ ಮುದ್ರಿಸಿದರೆ ಜೆರಾಕ್ಸ್ ಅಂಗಡಿಯ ಒಂದು ಪ್ರತಿಯ ಖರ್ಚಿನಲ್ಲಿ ನಾಲ್ಕು ಕಾರ್ಡಾಗುತ್ತದೆ. ದಪ್ಪ ಕಾಗದವಿಲ್ಲದಿದ್ದರೆ ಚಿಂತೆಯಿಲ್ಲ: ತೆಳು ಹಾಳೆಯ ಕಾಲುಭಾಗದಲ್ಲಿ ಚಿತ್ರ ಮುದ್ರಿಸಿ, ಹಾಳೆಯನ್ನು ಎರಡು ಸಲ ಮಡಚಿದರೆ ತಾನೇ ನಿಲ್ಲುವ ಕಾರ್ಡು ಸಿದ್ಧ. ಚಿತ್ರದ ಅಳತೆ ಬದಲಿಸುವಾಗ ಮೂಲೆಯನ್ನು ಹಿಡಿದೇ ಎಳೆಯಬೇಕು. ಬದಿಯನ್ನು ಹಿಡಿದರೆ ಗಿಳಿ ಕೊಕ್ಕರೆಯಾದೀತು. ಮನೆಯ ಇಂಕ್‌ಜೆಟ್ ಯಂತ್ರದ ಶಾಯಿ ಸಾಮಾನ್ಯವಾಗಿ ನೀರು ತಾಗಿದರೆ ಹರಡುತ್ತದೆ; ಅಂತಹ ಮುದ್ರಣಕ್ಕೆ ಬಣ್ಣದ ಪೆನ್ಸಿಲ್ ಲೇಸು. ಜೆರಾಕ್ಸ್ ಮತ್ತು ಲೇಸರ್ ಯಂತ್ರಗಳು ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಕರಗಿಸಿ ಹಿಡಿಸುವುದರಿಂದ ಅದರ ಮೇಲೆ ನೀರಿನ ಬಣ್ಣವನ್ನೂ ಬಳಸಬಹುದು.

ಕೊನೆಯ ಮಾತು ಮುಖ್ಯ. ಕಡತ ಕೈಗೆ ಬಂದ ಮಾತ್ರಕ್ಕೆ ಗೆರೆ ನಮ್ಮದಾಗುವುದಿಲ್ಲ. ಬರೆದವರು ಏನು ಅನುಮತಿ ಕೊಟ್ಟಿದ್ದಾರೆಂದು ಓದಬೇಕು. ಕಾರ್ಡು ಮಾಡಿ ಕೊಡಲು ಒಪ್ಪಿರುವವರು ಕಡತವನ್ನೇ ಹಂಚಲು ಒಪ್ಪಿರಲಾರರು. ಮೊಮ್ಮಗಳು ಇದನ್ನು ಹೇಳಿದಾಗ ನಾನು ಎದ್ದು ಕಪಾಟಿನ ಬಳಿಗೆ ಹೋದೆ.

ಅಲ್ಲಿ ಒಂದು ಹಳೆಯ ನಿಘಂಟಿನ ನಡುವೆ ಆ ಮಿಂಚುಳ್ಳಿಯ ಕಾರ್ಡು ಇತ್ತು. ಅದನ್ನು ನಾನು ಎಸೆದಿರಲಿಲ್ಲ. ಏಕೆಂದು ಅಂದು ನನಗೂ ತಿಳಿದಿರಲಿಲ್ಲ. ಬಸಳೆಯ ನೇರಳೆ ಮಾಸಿ ಕಂದಾಗಿದೆ, ಅರಸಿನ ತಿಳಿಯಾಗಿದೆ. ಮಸಿಯ ಗೆರೆ ಮಾತ್ರ ಇಂದಿಗೂ ಕಡುಗಪ್ಪು. ಮೊಮ್ಮಗಳು ಅದನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನು ಅಳಿಸಿ, ಗೆರೆಯನ್ನಷ್ಟೇ ಉಳಿಸಿ ಮುದ್ರಿಸಿ ತೋರಿಸಿದಳು. ಚಪ್ಪಲಿಯ ಅಟ್ಟೆಯ ಹಕ್ಕಿ ಡಿಜಿಟಲ್ ಸ್ಟಾಂಪ್ ಆಗಿ ನಮ್ಮ ಮೇಜಿನ ಮೇಲೆ ಕುಳಿತಿತ್ತು.

"ಎಲ್ಲರಿಗೂ ಕಳುಹಿಸೋಣವೇ ಅಜ್ಜ?" ಎಂದಳು.

"ಬೇಡ ಮಗಾ, ಗೆರೆ ನಮ್ಮದಲ್ಲ" ಎಂದೆ.

ಆ ಹುಡುಗ ಈಗ ಐವತ್ತು ದಾಟಿದವನು. ಏಳನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋದ ಮೇಲೆ ಅವನ ಸುದ್ದಿ ನನಗೆ ತಿಳಿಯಲಿಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವನಿಗೆ ಗೊತ್ತಾಗುತ್ತದೆ, ಅವನ ಸಹಪಾಠಿಗಳಿಗೂ ಗೊತ್ತಾಗುತ್ತದೆ. ನಕ್ಕವರಲ್ಲಿ ಯಾರಿಗಾದರೂ ಅವನ ವಿಳಾಸ ತಿಳಿದಿದ್ದರೆ ದಯವಿಟ್ಟು ಈ ಬರಹವನ್ನು ಅವನಿಗೆ ಮುಟ್ಟಿಸಿ. ಅವನ ಮಾಸ್ಟ್ರು ತಪ್ಪೊಪ್ಪಿಕೊಂಡು, ಅವನ ಚಿತ್ರವನ್ನು ಬಳಸಲು ಅನುಮತಿ ಕೇಳುತ್ತಿದ್ದಾರೆಂದು ತಿಳಿಸಿ. ಹೌದು, ಚಿತ್ರ ಎಂದೇ ಬರೆದಿದ್ದೇನೆ.

ಅವನು ಒಪ್ಪಿದರೆ ಈ ಹೊಸ ವರ್ಷಕ್ಕೆ ನಿಮ್ಮೆಲ್ಲರ ಮನೆಗೂ ಒಂದೊಂದು ಮಿಂಚುಳ್ಳಿ ಬರುತ್ತದೆ. ಬಣ್ಣ ತುಂಬುವ ಕೆಲಸ ನನ್ನದು. ಕೈ ಸ್ವಲ್ಪ ನಡುಗುತ್ತದೆ, ಗೆರೆಯ ಹೊರಗೆ ಹೋದರೆ ಕ್ಷಮಿಸಿ.