ಒಂದು ಡಾಲರ್ ಚಂದಾ, 1,900 ಕೋಟಿಯ ವ್ಯಾಪಾರ

2014ರ ಫೆಬ್ರುವರಿ. ಅಮೆರಿಕದ ಮೌಂಟನ್ ವ್ಯೂ ಪಟ್ಟಣದ ಪಾಳುಬಿದ್ದ ಸರ್ಕಾರಿ ಕಟ್ಟಡವೊಂದರ ಬಾಗಿಲಿಗೆ ಕಾಗದವನ್ನು ಒತ್ತಿ ಹಿಡಿದು ಜಾನ್ ಕೌಮ್ ಸಹಿ ಹಾಕಿದರು. ತಾವು ಕಟ್ಟಿದ ವಾಟ್ಸ್‌ಆ್ಯಪ್ ಕಂಪನಿಯನ್ನು ಫೇಸ್‌ಬುಕ್‌ಗೆ ಮಾರಿದ ಕರಾರುಪತ್ರವದು. 1992ರಲ್ಲಿ ಉಕ್ರೇನ್‌ನಿಂದ ವಲಸೆ ಬಂದಾಗ ಕೌಮ್‌ಗೆ 16 ವರ್ಷ. ಬಡವರಿಗೆ ಕೊಡುವ ಆಹಾರದ ಕೂಪನ್‌ಗಾಗಿ ಅವರು ಸರತಿಯಲ್ಲಿ ನಿಂತದ್ದು ಇದೇ ಕಟ್ಟಡದಲ್ಲಿ.

ಅವರು ಬೆಳೆದ ಸೋವಿಯತ್ ನಾಡಿನಲ್ಲಿ ದೂರವಾಣಿಯಲ್ಲಿ ಮನಬಿಚ್ಚಿ ಮಾತನಾಡಲು ಜನ ಅಂಜುತ್ತಿದ್ದರು. ಯಾರೋ ಕದ್ದು ಕೇಳುತ್ತಾರೆಂಬ ಭಯ. ಆ ನೆನಪಿನಿಂದಲೋ ಏನೋ, 2009ರಲ್ಲಿ ಶುರುವಾದ ವಾಟ್ಸ್‌ಆ್ಯಪ್ ಜನರಿಂದ ಫೋನ್ ನಂಬರಿನ ಹೊರತು ಹೆಚ್ಚೇನೂ ಕೇಳಲಿಲ್ಲ. ಕೌಮ್ ಮತ್ತು ಜತೆಗಾರ ಬ್ರಯಾನ್ ಆಕ್ಟನ್ ಇಬ್ಬರೂ ಯಾಹೂ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು ಜಾಹೀರಾತಿನ ವಹಿವಾಟನ್ನು ಕಂಡು ಬೇಸತ್ತವರು. ಜಾಹೀರಾತು ಬೇಡವೇ ಬೇಡ, ವರ್ಷಕ್ಕೊಂದು ಡಾಲರ್ ಚಂದಾ ಸಾಕು ಎಂದರು. ಮೊದಲ ವರ್ಷ ಅದೂ ಇಲ್ಲ.

ಹಾಗಿದ್ದ ಕಂಪನಿಗೆ 1,900 ಕೋಟಿ ಡಾಲರ್ ಬೆಲೆ ಎಲ್ಲಿಂದ ಬಂತು? ಅಲ್ಲಿದ್ದ ನೌಕರರು ಕೇವಲ 55 ಮಂದಿ. ಕಾರ್ಖಾನೆಯಿಲ್ಲ, ಗೋದಾಮಿಲ್ಲ. ಇದ್ದವರು 45 ಕೋಟಿ ಬಳಕೆದಾರರು; ಅಂದರೆ ತಲೆಗೆ 42 ಡಾಲರ್. ವರ್ಷಕ್ಕೊಂದು ಡಾಲರಿನಂತೆ ಅಸಲು ಕೈಸೇರಲು 42 ವರ್ಷ ಬೇಕು. ಫೇಸ್‌ಬುಕ್ ಕೊಂಡದ್ದು ಚಂದಾದಾರರನ್ನಲ್ಲ, ಅವರ ನಡುವಿನ ನಂಟನ್ನು ಎಂಬುದು ಇದರಿಂದಲೇ ಸ್ಪಷ್ಟ. ಬೇರೆ ವ್ಯಾಪಾರಿ ಗಿರಾಕಿಗಳನ್ನು ಕರೆತರಲು ಏಜೆಂಟರಿಗೆ ಕಮಿಷನ್ ಕೊಡಬೇಕು. ಇಲ್ಲಿ ಅಣ್ಣ ತಂಗಿಯನ್ನು ಸೇರಿಸಿದ, ತಂಗಿ ಗಂಡನ ಮನೆಯವರನ್ನೆಲ್ಲ ಸೇರಿಸಿದಳು. ಯಾರೂ ಕೂಲಿ ಕೇಳಲಿಲ್ಲ. ಬಂಡವಾಳಶಾಹಿಯ ಇತಿಹಾಸದಲ್ಲಿ ಬಿಟ್ಟಿ ದುಡಿಮೆ ಹೊಸದಲ್ಲ. ದುಡಿಯುತ್ತಿರುವುದು ದುಡಿದವರಿಗೇ ಗೊತ್ತಾಗದಿರುವುದು ಹೊಸದು. ಒಮ್ಮೆ ಬಳಗವೆಲ್ಲ ಸೇರಿದ ಮೇಲೆ ಒಬ್ಬರೇ ಎದ್ದು ಹೊರಡುವಂತಿಲ್ಲ. ಹೋದರೆ ಮದುವೆಯ ಕರೆಯೋಲೆಯೂ ತಪ್ಪೀತು.

2016ರ ಜನವರಿಯಲ್ಲಿ ಚಂದಾ ರದ್ದಾಯಿತು. ಜನ ಹಿಗ್ಗಿದರು. ಅದೇ ಆಗಸ್ಟ್‌ನಲ್ಲಿ ಬಳಕೆದಾರರ ಫೋನ್ ನಂಬರುಗಳನ್ನು ಫೇಸ್‌ಬುಕ್ ಜತೆ ಹಂಚಿಕೊಳ್ಳುವ ನಿಯಮ ಬಂತು. ಎರಡೂ ಕಡೆಯ ಖಾತೆಗಳನ್ನು ತಾಳೆ ಹಾಕಲಾಗದು ಎಂದು ಖರೀದಿಯ ವೇಳೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಐರೋಪ್ಯ ಆಯೋಗ 2017ರಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯೂರೊ ದಂಡ ವಿಧಿಸಿತು. ಭಾರತದ ಸ್ಪರ್ಧಾ ಆಯೋಗವೂ 2021ರ ನಿಯಮಾವಳಿಯ ವಿಚಾರದಲ್ಲಿ 2024ರ ನವೆಂಬರ್‌ನಲ್ಲಿ 213 ಕೋಟಿ ರೂಪಾಯಿ ದಂಡ ಹಾಕಿತು.

ಆಕ್ಟನ್ 2017ರಲ್ಲಿ ಹೊರನಡೆದರು. ಮರುವರ್ಷ, ತಮ್ಮನ್ನು ಕುಬೇರನನ್ನಾಗಿಸಿದ ಫೇಸ್‌ಬುಕ್ ಖಾತೆಯನ್ನು ಅಳಿಸಿಹಾಕಿ ಎಂದು ಅವರೇ ಜನರಿಗೆ ಕರೆಕೊಟ್ಟರು. 2018ರಲ್ಲೇ ಕೌಮ್ ಕೂಡ ಹೊರಬಂದರು. ಬೇಡವೆಂದಿದ್ದ ಜಾಹೀರಾತು ವಾಟ್ಸ್‌ಆ್ಯಪ್‌ನ ಸ್ಟೇಟಸ್ ವಿಭಾಗಕ್ಕೆ ಬರುವುದಾಗಿ ಪ್ರಕಟವಾದದ್ದು 2025ರ ಜೂನ್‌ನಲ್ಲಿ.