ಮೂರು ಧಾತುಗಳ ಒಂದು ಕ್ರಿಯಾಪದ

ಅತ್ಯಲ್ಪವಾದ ಶಬ್ದವೇ ಅತಿ ಪುರಾತನವಾದ ಚರಿತ್ರೆಯನ್ನು ಹೊತ್ತಿರುವುದುಂಟು. ಸ್ಪಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳೆರಡರಲ್ಲಿಯೂ ‘ಇರು’, ‘ಆಗಿರು’ ಎಂಬರ್ಥದಲ್ಲಿ ಬಳಕೆಯಲ್ಲಿರುವ ‘ಸೆರ್’ ಎಂಬ ಕ್ರಿಯಾಪದವು ಇದಕ್ಕೆ ನಿದರ್ಶನ.

ಕ್ರಿ. ಪೂ. 218ರಲ್ಲಿ ರೋಮನರ ಸೈನ್ಯವು ಐಬೀರಿಯ ಪರ್ಯಾಯದ್ವೀಪದಲ್ಲಿ ಇಳಿಯಿತು. ಆ ಸೈನ್ಯದೊಡನೆ ಬಂದ ಲ್ಯಾಟಿನ್ ನುಡಿಯೇ ಜನರ ನಾಲಗೆಯಲ್ಲಿ ಶತಮಾನಗಳ ಕಾಲ ಸವೆದು ಈ ಎರಡು ಭಾಷೆಗಳಾಗಿ ಪರಿಣಮಿಸಿತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಒಂದೇ ಮೂಲದಿಂದ ಹೊರಟವೆಂದು ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನಷ್ಟೆ. ಆ ಬಾಂಧವ್ಯವನ್ನು ‘ಸೆರ್’ ಪದದಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ಲ್ಯಾಟಿನ್ನಿನ ‘ಎಸ್ಟ್’ ಎಂಬುದು ನಮ್ಮ ‘ಅಸ್ತಿ’ಯ ಸಹೋದರ. ಸ್ಪಾನಿಷಿನ ‘ಎಸ್’, ಪೋರ್ಚುಗೀಸಿನ ‘ಎ’ ಎಂಬ ವರ್ತಮಾನ ರೂಪಗಳು ಅದರ ಸಂತತಿ. ಆದರೆ ‘ನಾನು ಇದ್ದೆನು’ ಎನ್ನಲು ಎರಡು ಭಾಷೆಗಳಲ್ಲಿಯೂ ‘ಫುಯಿ’ ಎನ್ನುವರು. ಇದು ‘ಭೂ’ ಧಾತುವಿನ ಬಂಧು. ಪಾಣಿನಿಯೂ ಆರ್ಧಧಾತುಕ ಪ್ರತ್ಯಯಗಳ ವಿಷಯದಲ್ಲಿ ‘ಅಸ್’ ಧಾತುವಿಗೆ ‘ಭೂ’ ಎಂಬ ಆದೇಶವನ್ನು ವಿಧಿಸಿರುವನು. ಆದುದರಿಂದಲೇ ‘ಅಸ್ತಿ’ಗೆ ಭವಿಷ್ಯತ್ತಿನಲ್ಲಿ ‘ಭವಿಷ್ಯತಿ’ ಎನ್ನುತ್ತೇವೆ. ದೂರದ ರೋಮಿನಲ್ಲಿಯೂ ಇದೇ ಪದ್ಧತಿ!

ಮೂರನೆಯ ಧಾತುವನ್ನು ಐಬೀರಿಯದವರೇ ಸೇರಿಸಿದರು. ಲ್ಯಾಟಿನ್ನಿನ ‘ಸೆದೇರೆ’ ಎಂದರೆ ಕುಳಿತುಕೊಳ್ಳುವುದು. ನಮ್ಮ ಸದಸ್ಸು, ಉಪನಿಷತ್ತುಗಳಲ್ಲಿರುವ ‘ಸದ್’ ಧಾತುವೇ ಇದರ ಜೋಡಿ. ಕುಳಿತಿರುವುದೆಂಬ ಅರ್ಥವು ಕ್ರಮೇಣ ಕ್ಷೀಣಿಸಿ ಬರಿಯ ಇರವು ಉಳಿಯಿತು. ಹಳೆಯ ಗ್ರಂಥಗಳಲ್ಲಿ ‘ಸೆಎರ್’ ಎಂದಿದ್ದುದೇ ಇಂದಿನ ‘ಸೆರ್’.

ಕುಳಿತವನಂತೆಯೇ ನಿಂತವನೂ ಇರುವವನಾದನು. ‘ಸ್ಥಾ’ ಧಾತುವಿನ ಬಂಧುವಾದ ‘ಸ್ತಾರೆ’ಯಿಂದ ‘ಎಸ್ತಾರ್’ ಎಂಬ ಇನ್ನೊಂದು ಕ್ರಿಯಾಪದವು ಹುಟ್ಟಿತು. ಇದರ ಅರ್ಥವೂ ‘ಇರು’ ಎಂದೇ. ‘ಹಸುರು’ ಎಂಬ ಶಬ್ದಕ್ಕೆ ‘ಸೆರ್’ ಸೇರಿಸಿದರೆ ಹಣ್ಣಿನ ಬಣ್ಣ ಹಸುರೆಂದಾಗುವುದು. ‘ಎಸ್ತಾರ್’ ಸೇರಿಸಿದರೆ ಅದಿನ್ನೂ ಕಾಯಿ ಎಂದಾಗುವುದು.

ಶಾಶ್ವತವಾದುದಕ್ಕೆ ‘ಸೆರ್’, ಅಶಾಶ್ವತವಾದುದಕ್ಕೆ ‘ಎಸ್ತಾರ್’ ಎಂದು ವಿದ್ಯಾರ್ಥಿಗಳಿಗೆ ಬೋಧಿಸುವ ವಾಡಿಕೆಯುಂಟು. ಈ ಸೂತ್ರವು ಸಾಲದು. ಸತ್ತವನು ಮತ್ತೆ ಎದ್ದು ಬರುವುದಿಲ್ಲ. ಆದರೂ ‘ಸತ್ತಿದ್ದಾನೆ’ ಎನ್ನಲು ಎರಡು ಭಾಷೆಗಳಲ್ಲಿಯೂ ‘ಎಸ್ತಾರ್’ ಬೇಕು. ಮದ್ರಿದ್ ನಗರವು ಸ್ಪೇನಿನಲ್ಲಿದೆ ಎನ್ನಲು ಸ್ಪಾನಿಷರಿಗೆ ಅದೇ ಬೇಕು. ನಗರವೇನು ನಾಳೆ ಎದ್ದು ಹೋಗುವುದೇ? ಧಾತ್ವರ್ಥವನ್ನು ನೋಡಿದರೆ ತೊಡಕು ಬಹುಮಟ್ಟಿಗೆ ಬಿಡುವುದು. ಸ್ಥಾನ, ಸ್ಥಿತಿ ಎಂಬ ನಮ್ಮ ಎರಡು ಶಬ್ದಗಳೂ ‘ಸ್ಥಾ’ ಧಾತುವಿನಿಂದಲೇ ಬಂದವು. ‘ಎಸ್ತಾರ್’ ಹೇಳುವುದೂ ಅವೆರಡನ್ನೇ. ವ್ಯಾಕರಣವು ತಡವರಿಸುವಲ್ಲಿ ಶಬ್ದದ ಚರಿತ್ರೆಯು ಕೈಹಿಡಿದು ನಡೆಸಬಲ್ಲುದು.