ಬೆಳಕಿನ ಅಚ್ಚುಮೊಳೆ

ಸೀಸದ ಮೊಳೆಗೆ ಮಸಿ ಬಳಿದು ಕಾಗದಕ್ಕೆ ಒತ್ತುವ ಬದಲು, ಅಕ್ಷರದ ಆಕಾರದ ಪಾರದರ್ಶಕ ಕಿಂಡಿಯೊಂದರ ಹಿಂದೆ ದೀಪ ಮಿನುಗಿಸಿ, ಅಲ್ಲಿಂದ ಹಾದ ಬೆಳಕನ್ನು ಮಸೂರದ ಮೂಲಕ ಫೋಟೊ ಫಿಲ್ಮಿನ ಮೇಲೆ ಬೀಳಿಸಿ ಪಠ್ಯ ಜೋಡಿಸುವ ವಿಧಾನವೇ ಫೋಟೊಟೈಪ್‌ಸೆಟ್ಟಿಂಗ್. ಇಲ್ಲಿ ಮೊಳೆಯ ಜಾಗದಲ್ಲಿರುವುದು ಒಂದು ನೆಗೆಟಿವ್: ಸುತ್ತಲೂ ಕಪ್ಪು, ಅಕ್ಷರವಿರುವಲ್ಲಿ ಮಾತ್ರ ಬೆಳಕಿಗೆ ದಾರಿ. ಗುಟೆನ್‌ಬರ್ಗ್‌ನ ಕಾಲದಿಂದ ಬಂದ ಲೋಹದ ಮೊಳೆ ಐನೂರು ವರ್ಷ ಬಾಳಿತು. ಅದನ್ನು ಮೂಲೆಗೆ ತಳ್ಳಿದ ಈ ತಂತ್ರ ಸ್ಥೂಲವಾಗಿ 1950ರ ದಶಕದಲ್ಲಿ ವ್ಯಾಪಕ ಬಳಕೆಗೆ ಬಂದು 1980ರ ದಶಕ ಮುಗಿಯುವ ಹೊತ್ತಿಗೆ ತಾನೂ ಮೂಲೆ ಸೇರಿತು. ಆದರೆ ಅಕ್ಷರಕ್ಕೆ ತೂಕ, ದಪ್ಪ, ಅಂಚು ಇರಲೇಬೇಕು ಎಂಬ ಕಟ್ಟು ಸಡಿಲವಾದದ್ದು ಈ ಅಲ್ಪಾವಧಿಯಲ್ಲೇ.

ಇಂಥ ಯಂತ್ರ ಬೇಕೆನಿಸಿದ್ದಕ್ಕೆ ಕಾರಣ ಆಫ್‌ಸೆಟ್ ಮುದ್ರಣ. ಲೆಟರ್‌ಪ್ರೆಸ್ಸಿನಲ್ಲಿ ಜೋಡಿಸಿದ ಮೊಳೆಯೇ ಕಾಗದವನ್ನು ಮುಟ್ಟುತ್ತದೆ. ಆಫ್‌ಸೆಟ್‌ನಲ್ಲಿ ಹಾಗಲ್ಲ, ಪುಟದ ಫಿಲ್ಮ್ ತಯಾರಿಸಿ, ಅದರಿಂದ ತೆಳುವಾದ ಲೋಹದ ಪ್ಲೇಟಿಗೆ ಬಿಂಬ ಇಳಿಸಿ, ಅಲ್ಲಿಂದ ರಬ್ಬರ್ ಹೊದಿಕೆಯ ಮೂಲಕ ಕಾಗದಕ್ಕೆ ಒತ್ತಬೇಕು. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಆಫ್‌ಸೆಟ್ ಹರಡಿದಂತೆಲ್ಲ ಒಂದು ವಿಚಿತ್ರ ಸುತ್ತುದಾರಿ ರೂಢಿಗೆ ಬಂತು. ಕ್ವಿಂಟಲ್‌ಗಟ್ಟಲೆ ಲೋಹ ಕರಗಿಸಿ ಸಾಲು ಎರಕ ಹೊಯ್ಯುವುದು, ಅದರಿಂದ ಒಂದೇ ಒಂದು ಚೊಕ್ಕ ಪ್ರೂಫ್ ತೆಗೆಯುವುದು, ಆ ಪ್ರೂಫಿನ ಫೋಟೊ ಹಿಡಿಯುವುದು, ಆಮೇಲೆ ಲೋಹವನ್ನು ಮತ್ತೆ ಕರಗಿಸುವುದು. ಒಂದು ಪ್ರತಿಗಾಗಿ ಇಷ್ಟೆಲ್ಲ.

ನೇರವಾಗಿ ಬೆಳಕಿನಿಂದಲೇ ಅಕ್ಷರ ಜೋಡಿಸುವ ಯೋಚನೆ ಮಾತ್ರ ಆಫ್‌ಸೆಟ್‌ಗಿಂತ ಹಳೆಯದು. 1890ರ ದಶಕದಲ್ಲೇ ಹಂಗೇರಿಯ ಎಂಜಿನಿಯರ್ ಯೂಜೆನ್ ಪೊರ್ಜೋಲ್ಟ್ ಮತ್ತು ಚಲನಚಿತ್ರದ ಆದ್ಯರಲ್ಲೊಬ್ಬನಾದ ಇಂಗ್ಲೆಂಡಿನ ವಿಲಿಯಂ ಫ್ರೀಸ್-ಗ್ರೀನ್ ಈ ದಿಕ್ಕಿನಲ್ಲಿ ಕೈಯಾಡಿಸಿದ್ದರು. ಹಂಗೇರಿಯವನೇ ಆದ ಎಡ್ಮಂಡ್ ಊಹರ್ 1920ರ ದಶಕದ ಕೊನೆಯಿಂದ ‘ಊಹರ್‌ಟೈಪ್’ ಎಂಬ ಯಂತ್ರಕ್ಕೆ ದುಡಿದ. ಅದಕ್ಕೆಂದೇ ಹೊಸ ಅಕ್ಷರರೂಪಗಳನ್ನು ಬರೆದುಕೊಟ್ಟವರಲ್ಲಿ ಪ್ರಸಿದ್ಧ ಮುದ್ರಣಕಲಾವಿದ ಯಾನ್ ಚಿಕೋಲ್ಡ್ ಕೂಡ ಇದ್ದ. ಈ ಯಾವ ಯತ್ನವೂ ಅಚ್ಚುಕೂಟದಲ್ಲಿ ನೆಲೆಯೂರಲಿಲ್ಲ.

ಸೋಲಿಗೆ ದೀಪವನ್ನಾಗಲಿ ಮಸೂರವನ್ನಾಗಲಿ ದೂರುವಂತಿಲ್ಲ. ತೊಡಕಿದ್ದದ್ದು ಲೆಕ್ಕದಲ್ಲಿ. ರೋಮನ್ ಲಿಪಿಯಲ್ಲಿ ‘ಐ’ ಕಡ್ಡಿಯಷ್ಟು ಸಣ್ಣ, ‘ಎಂ’ ಅದರ ಮೂರ್ನಾಲ್ಕು ಪಟ್ಟು ಅಗಲ. ಸಾಲಿನ ಎರಡೂ ಅಂಚು ಸಮವಾಗಬೇಕಾದರೆ ಅಕ್ಷರಗಳ ಅಗಲವನ್ನೆಲ್ಲ ಕೂಡಿ, ಉಳಿದ ಜಾಗವನ್ನು ಪದಗಳ ನಡುವಿನ ಸಂದುಗಳಿಗೆ ಹಂಚಬೇಕು. ಕೈಯಲ್ಲಿ ಜೋಡಿಸುವ ಕಂಪೋಜಿಟರ್ ಸ್ಪೇಸ್ ತುಂಡುಗಳನ್ನು ತುರುಕಿ ಬಿಗಿ ಮಾಡುತ್ತಿದ್ದ. ಲೈನೋಟೈಪ್ ಯಂತ್ರ ಬೆಣೆಗಳನ್ನು ಮೇಲಕ್ಕೆ ನೂಕಿ ಸಾಲನ್ನು ಹಿಗ್ಗಿಸುತ್ತಿತ್ತು. ಎರಡೂ ಕಡೆ ಸಾಲು ಕಣ್ಣೆದುರಿಗೆ, ವಸ್ತುವಾಗಿ ಇರುತ್ತಿತ್ತು. ಬೆಳಕಿಗೆ ಬೆಣೆ ಹಾಕುವುದು ಎಲ್ಲಿಗೆ? ಮೊದಲ ಅಕ್ಷರವನ್ನು ಫಿಲ್ಮಿಗೆ ಇಳಿಸುವ ಮೊದಲೇ ಕೊನೆಯ ಅಕ್ಷರದವರೆಗಿನ ಲೆಕ್ಕ ಮುಗಿದಿರಬೇಕು. ಆ ಲೆಕ್ಕ ಮಾಡಿಕೊಡುವ ಅಗ್ಗದ ಯಂತ್ರ ಆಗ ಇರಲಿಲ್ಲ.

ಈ ತೊಡಕಿಲ್ಲದ ಲಿಪಿ ಇರುವ ಕಡೆ ಕೆಲಸ ಬೇಗ ಕೈಗೂಡಿತು. ಜಪಾನಿನಲ್ಲಿ ಇಶಿಯಿ ಮೋಕಿಚಿ ಮತ್ತು ಮೊರಿಸಾವಾ ನೊಬುವೊ 1924ರಲ್ಲಿ ತಮ್ಮ ಯಂತ್ರಕ್ಕೆ ಪೇಟೆಂಟ್ ಕೋರಿದರು. ಎರಡು ವರ್ಷದ ಬಳಿಕ ‘ಶಾಕೆನ್’ ಎಂದು ಹೆಸರಾಗಲಿದ್ದ ಸಂಸ್ಥೆ ಶುರುವಾಯಿತು. ಜಪಾನಿ ಬರವಣಿಗೆಯಲ್ಲಿ ಪ್ರತಿ ಅಕ್ಷರವೂ ಒಂದೇ ಅಳತೆಯ ಚೌಕದಲ್ಲಿ ಕೂರುತ್ತದೆ. ಹೀಗಾಗಿ ಕೂಡಿ ಕಳೆಯುವ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಒಂದು ಅಕ್ಷರವಾದ ಮೇಲೆ ಒಂದು ಮನೆ ಮುಂದೆ ಸರಿದರೆ ಸಾಕು. ಅಲ್ಲಿಯ ಕಷ್ಟ ಬೇರೆ: ಸಾವಿರಾರು ಅಕ್ಷರಗಳ ಮೊಳೆ ಸಂಗ್ರಹ, ಅದೂ ಪ್ರತಿ ಗಾತ್ರಕ್ಕೂ ಪ್ರತ್ಯೇಕ. ಗಾಜಿನ ಹಲಗೆಯಲ್ಲಿ ನೆಗೆಟಿವ್ ಅಕ್ಷರಗಳನ್ನು ಸಾಲಾಗಿ ಇಟ್ಟು, ಬೇಕಾದ್ದನ್ನು ದೀಪದ ಎದುರಿಗೆ ಕೈಯಿಂದ ಸರಿಸಿ, ಸನ್ನೆ ಒತ್ತಿ ಚಿತ್ರ ತೆಗೆಯುವ ಯಂತ್ರ ಈ ಕಷ್ಟವನ್ನು ಒಂದೇ ಏಟಿಗೆ ನೀಗಿಸಿತು. ಮಸೂರ ಬದಲಿಸಿದರೆ ಅದೇ ಹಲಗೆಯಿಂದ ದೊಡ್ಡದೂ ಬಂತು, ಸಣ್ಣದೂ ಬಂತು. ವಿಶೇಷ ಮಸೂರದಿಂದ ಅಕ್ಷರವನ್ನು ಚಪ್ಪಟೆಯಾಗಿಸಲೂ ವಾಲಿಸಲೂ ಸಾಧ್ಯವಾಯಿತು. ಇಬ್ಬರು ಪಾಲುದಾರರು ಮುಂದೆ ಬೇರ್ಪಟ್ಟರು, ಮೊರಿಸಾವಾ 1948ರಲ್ಲಿ ತನ್ನದೇ ಕಂಪನಿ ಕಟ್ಟಿದ. ಜಪಾನಿನ ಜಾಹೀರಾತು, ಪತ್ರಿಕೆ, ಕಾಮಿಕ್ಸ್‌ಗಳ ಮೇಲೆ ಈ ಎರಡು ಸಂಸ್ಥೆಗಳ ಅಕ್ಷರಗಳ ಛಾಪು ದಶಕಗಳ ಕಾಲ ಇತ್ತು.

ಪಶ್ಚಿಮದಲ್ಲಿ ಮೊದಲು ಮಾರುಕಟ್ಟೆಗೆ ಬಂದ ಯಂತ್ರ ಹಳೆಯ ಶರೀರವನ್ನು ಬಿಡಲು ಅಂಜಿದಂತಿತ್ತು. ಇಂಟರ್‌ಟೈಪ್ ಕಂಪನಿಯ ‘ಫೋಟೊಸೆಟರ್’ 1946ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ ಪರೀಕ್ಷೆಗೆ ನಿಂತಿತು. ಹೊರನೋಟಕ್ಕೆ ಅದು ಲೈನೋಟೈಪ್ ಯಂತ್ರವೇ. ಕೀಲಿ ಒತ್ತಿದರೆ ಮೇಲಿನ ಪೆಟ್ಟಿಗೆಯಿಂದ ಹಿತ್ತಾಳೆಯ ಅಚ್ಚು ಉದುರಿ ಸಾಲಿಗೆ ಸೇರುತ್ತದೆ, ಕೆಲಸ ಮುಗಿದ ಮೇಲೆ ತನ್ನ ಗೂಡಿಗೆ ಮರಳುತ್ತದೆ. ವ್ಯತ್ಯಾಸ ಒಂದೇ: ಅಚ್ಚಿನ ಮೈಯಲ್ಲಿ ಅಕ್ಷರದ ಗುಳಿಯ ಬದಲು ಪುಟ್ಟ ಫಿಲ್ಮ್ ತುಣುಕನ್ನು ಕೂರಿಸಲಾಗಿತ್ತು. ಕರಗಿದ ಲೋಹ ಹೊಯ್ಯುತ್ತಿದ್ದ ಜಾಗದಲ್ಲಿ ಕ್ಯಾಮೆರಾ ಬಂತು. ಮಾನೋಟೈಪ್ ಕಂಪನಿ 1950ರ ದಶಕದಲ್ಲಿ ತಂದ ‘ಮಾನೋಫೋಟೊ’ ಕೂಡ ತನ್ನ ಹಳೆಯ ಎರಕದ ಯಂತ್ರದ ರೂಪಾಂತರವೇ ಆಗಿತ್ತು. ಅಚ್ಚುಗಳ ಚೌಕಟ್ಟಿನಲ್ಲಿ ಲೋಹ ಹೋಗಿ ನೆಗೆಟಿವ್‌ಗಳು ಬಂದವು. ಮೆಕ್ಯಾನಿಕ್ಕುಗಳಿಗೆ ಪರಿಚಿತ, ಮಾಲೀಕರಿಗೆ ಸಮಾಧಾನ. ಆದರೆ ಸೀಸದ ವೇಗಕ್ಕಿಂತ ಬೆಳಕಿನ ವೇಗ ಹೆಚ್ಚು ಎಂಬ ಲಾಭ ಇಂಥ ಯಂತ್ರಗಳಲ್ಲಿ ಅಷ್ಟಾಗಿ ದಕ್ಕಲೇ ಇಲ್ಲ.

ಅದನ್ನು ದಕ್ಕಿಸಿದವರು ಮುದ್ರಣದ ಗಂಧವೇ ಇಲ್ಲದ ಇಬ್ಬರು ಫ್ರೆಂಚ್ ದೂರವಾಣಿ ಎಂಜಿನಿಯರುಗಳು. ರೆನೆ ಇಗೊನೆ ಮತ್ತು ಲೂಯಿ ಮೊಯ್ರೂ ಲಿಯಾನ್ ನಗರದಲ್ಲಿ ಕೆಲಸದಲ್ಲಿದ್ದಾಗ, 1940ರ ದಶಕದ ಮಧ್ಯದಲ್ಲಿ, ಆಫ್‌ಸೆಟ್ ಮುದ್ರಣಾಲಯದ ಆ ಸುತ್ತುದಾರಿಯನ್ನು ಕಂಡು ಬೆರಗಾದರು. ಅವರ ಉತ್ತರವೇ ‘ಲ್ಯೂಮಿಟೈಪ್’. ಅದರಲ್ಲಿ ಅಕ್ಷರಗಳೆಲ್ಲ ತಿರುಗುವ ಒಂದು ತಟ್ಟೆಯ ಮೇಲೆ ವೃತ್ತವೃತ್ತವಾಗಿ ಕೂತಿವೆ. ತಟ್ಟೆ ಎಲ್ಲಿಯೂ ನಿಲ್ಲುವುದಿಲ್ಲ. ಬೇಕಾದ ಅಕ್ಷರ ಮಸೂರದ ನೇರಕ್ಕೆ ಬಂದ ಆ ಕ್ಷಣದಲ್ಲಿ ಹಿಂದಿನ ದೀಪ ಸೆಕೆಂಡಿನ ಲಕ್ಷಾಂಶದ ಆಸುಪಾಸಿನಷ್ಟು ಹೊತ್ತು ಮಿಂಚುತ್ತದೆ. ಅಷ್ಟು ಅಲ್ಪ ಹೊತ್ತಿನಲ್ಲಿ ತಟ್ಟೆ ಸರಿದದ್ದು ಲೆಕ್ಕಕ್ಕೇ ಇಲ್ಲ, ಹೀಗಾಗಿ ಫಿಲ್ಮಿನ ಮೇಲೆ ಅಕ್ಷರ ನಿಂತಂತೆ ಮೂಡುತ್ತದೆ. ಸಾಲಿನ ಲೆಕ್ಕಕ್ಕೆ ಅವರು ತಮ್ಮ ಕಸುಬಿನ ವಸ್ತುವನ್ನೇ ತಂದರು: ದೂರವಾಣಿ ವಿನಿಮಯ ಕೇಂದ್ರದ ರಿಲೇಗಳು. ಬೆರಳಚ್ಚು ಯಂತ್ರದಲ್ಲಿ ಹೊಡೆದ ಅಕ್ಷರಗಳನ್ನು ರಿಲೇಗಳು ನೆನಪಿಟ್ಟುಕೊಂಡು, ಅಗಲ ಕೂಡಿ, ಸಂದು ಹಂಚಿ, ಆಮೇಲಷ್ಟೇ ದೀಪಕ್ಕೆ ಅಪ್ಪಣೆ ಕೊಡುತ್ತಿದ್ದವು. ಅರ್ಧ ಶತಮಾನ ಎಲ್ಲರನ್ನೂ ಸತಾಯಿಸಿದ ಗಂಟು ಬಿಚ್ಚಿಕೊಂಡದ್ದು ಹೀಗೆ.

ಫ್ರಾನ್ಸಿನಲ್ಲಿ ಬೇಕಾದಷ್ಟು ಹಣ ಹುಟ್ಟಲಿಲ್ಲ. ಇಬ್ಬರೂ ಅಮೆರಿಕಕ್ಕೆ ಹೋದರು. ಮ್ಯಾಸಚೂಸೆಟ್ಸಿನಲ್ಲಿ ವಿಲಿಯಂ ಗಾರ್ತ್‌ನ ಕಂಪನಿ ಯಂತ್ರವನ್ನು ‘ಫೋಟಾನ್’ ಹೆಸರಿನಲ್ಲಿ ರೂಪಿಸಿತು. 1953ರಲ್ಲಿ ಇದರಿಂದ ಜೋಡಿಸಿದ ಮೊದಲ ಪುಸ್ತಕ ಹೊರಬಂತು, ಕೀಟಲೋಕದ ಬಗ್ಗೆ ಆಲ್ಬ್ರೊ ಗಾಲ್ ಬರೆದದ್ದು. ಮರುವರ್ಷ ಅದೇ ರಾಜ್ಯದ ಕ್ವಿನ್ಸಿ ಪಟ್ಟಣದ ಪತ್ರಿಕೆ ‘ಪೇಟ್ರಿಯಟ್ ಲೆಡ್ಜರ್’ ಈ ಯಂತ್ರಕ್ಕೆ ತಿರುಗಿತು. ಗಾರ್ತ್ 1960ರಲ್ಲಿ ಹೊರಬಂದು ‘ಕಂಪ್ಯೂಗ್ರಾಫಿಕ್’ ಎಂಬ ಬೇರೆ ಕಂಪನಿ ಕಟ್ಟಿದ. ಆ ದಶಕದ ಕೊನೆಗೆ ಅದು ಬಿಟ್ಟ ಅಗ್ಗದ ಯಂತ್ರಗಳಿಂದಲೇ ಸಣ್ಣ ಪಟ್ಟಣಗಳ ಪತ್ರಿಕೆಗಳಿಗೂ ಫೋಟೊಟೈಪ್‌ಸೆಟ್ಟಿಂಗ್ ಕೈಗೆಟುಕಿತು.

ಬೆಳಕು ಅಕ್ಷರದ ರೂಪವನ್ನು ಇದ್ದಂತೆ ಬಿಡಲಿಲ್ಲ. ಕಿಂಡಿಯಿಂದ ಹಾದ ಬೆಳಕು ಅಂಚಿನಲ್ಲಿ ಚೂರು ಹರಡಿಕೊಳ್ಳುತ್ತದೆ. ಚೂಪಾದ ಮೂಲೆ ಮೊಂಡಾಗುತ್ತದೆ, ಗೆರೆ ಸೇರುವ ಸಂದು ತುಂಬಿಕೊಳ್ಳುತ್ತದೆ. ಪ್ಯಾರಿಸಿನ ಡೆಬೆರ್ನಿ ಎ ಪೆನ್ಯೊ ಅಕ್ಷರ ಎರಕಶಾಲೆ ಲ್ಯೂಮಿಟೈಪ್‌ಗಾಗಿ ಹಳೆಯ ಅಕ್ಷರಕುಟುಂಬಗಳನ್ನು ಹೊಂದಿಸಲು ಹೊರಟಾಗ, ಸ್ವಿಟ್ಜರ್ಲೆಂಡಿನ ತರುಣ ಆಡ್ರಿಯನ್ ಫ್ರೂಟಿಗರ್‌ಗೆ ಬಿದ್ದ ಕೆಲಸವೇ ಇದು. ಅವನು ಮೂಲಚಿತ್ರದಲ್ಲಿ ಮೂಲೆಗಳನ್ನು ಬೇಕೆಂದೇ ಮುಳ್ಳಿನಂತೆ ಹೊರಚಾಚಿ, ಸಂದುಗಳನ್ನು ಕೊರೆದು ಬಿಡುತ್ತಿದ್ದ. ನೋಡಲು ವಿಕಾರ, ಆದರೆ ಫಿಲ್ಮಿಗೆ ಬಿದ್ದಾಗ ನೆಟ್ಟಗೆ. 1957ರಲ್ಲಿ ಬಂದ ಅವನ ‘ಯೂನಿವರ್ಸ್’ ಲೋಹಕ್ಕೂ ಬೆಳಕಿಗೂ ಒಟ್ಟಿಗೆ ಯೋಜಿಸಿದ, 21 ಭೇದಗಳ ಕುಟುಂಬ.

ಇನ್ನೊಂದು ನಷ್ಟವನ್ನು ಬಹಳ ಕಡೆ ಗಮನಿಸಲೇ ಇಲ್ಲ. ಲೋಹದ ಕಾಲದಲ್ಲಿ 6 ಪಾಯಿಂಟ್ ಅಕ್ಷರವನ್ನು ತುಸು ಅಗಲವಾಗಿ, ದಪ್ಪವಾಗಿ ಕೆತ್ತುತ್ತಿದ್ದರು. 36 ಪಾಯಿಂಟ್‌ಗೆ ಸೂಕ್ಷ್ಮ ಗೆರೆ. ಮಸೂರಕ್ಕೆ ಈ ವಿವೇಕವಿಲ್ಲ, ಒಂದೇ ಮೂಲವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಪರಿಣಾಮವಾಗಿ 1960-70ರ ದಶಕದ ಎಷ್ಟೋ ಪುಸ್ತಕಗಳ ಅಡಿಟಿಪ್ಪಣಿಗಳು ನರಪೇತಲವಾಗಿ ಕಾಣುತ್ತವೆ. ಗಣಿತದ ಗ್ರಂಥಗಳಲ್ಲಿ ಇದು ಇನ್ನೂ ಎದ್ದು ಕಂಡಿತು. 1977ರಲ್ಲಿ ತಮ್ಮ ಪುಸ್ತಕವೊಂದರ ಎರಡನೆಯ ಆವೃತ್ತಿಯ ಫೋಟೊಸೆಟ್ ಪ್ರೂಫ್ ನೋಡಿ ರೋಸಿಹೋದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್, ತಾವೇ ಅಕ್ಷರ ಜೋಡಣೆಯ ತಂತ್ರಾಂಶ ಬರೆಯಲು ಕೂತರು. ಅದೇ ‘ಟೆಕ್’.

ಲಾಭ ಪಡೆದದ್ದು ಜಾಹೀರಾತು. ಲೋಹದ ಮೊಳೆಗೆ ಮೈಯಿದೆ, ಎರಡು ಅಕ್ಷರಗಳನ್ನು ಆ ಮೈಗಿಂತ ಹತ್ತಿರ ತರಲಾಗದು. ಫಿಲ್ಮಿನಲ್ಲಿ ಒಂದರ ಮೇಲೊಂದು ಹತ್ತಿಸಲೂಬಹುದು. ನ್ಯೂಯಾರ್ಕಿನಲ್ಲಿ 1936ರಿಂದಲೇ ‘ಫೋಟೊ-ಲೆಟರಿಂಗ್’ ಸಂಸ್ಥೆ ಶೀರ್ಷಿಕೆಗಳನ್ನು ಹೀಗೆ ಮಾಡಿಕೊಡುತ್ತಿತ್ತು. ಹರ್ಬ್ ಲುಬಾಲಿನ್‌ನಂಥ ವಿನ್ಯಾಸಕಾರರು ಮೈಗೆ ಮೈ ತಾಗಿದ ಅಕ್ಷರಗಳನ್ನೇ ಒಂದು ಶೈಲಿಯಾಗಿಸಿದರು. ಇದರ ಬೆನ್ನಿಗೇ ಕಳ್ಳತನವೂ ಬಂತು. ಲೋಹದ ಅಚ್ಚು ನಕಲು ಮಾಡಲು ಕಾರ್ಖಾನೆ ಬೇಕು, ಫಿಲ್ಮ್ ನಕಲಿಗೆ ಒಂದು ಕ್ಯಾಮೆರಾ ಸಾಕು. ಅಕ್ಷರರೂಪಗಳ ರಕ್ಷಣೆಗೆ 1973ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತಾದರೂ ಸಾಕಷ್ಟು ದೇಶಗಳು ಅನುಮೋದಿಸದೆ ಅದು ಜಾರಿಗೇ ಬರಲಿಲ್ಲ.

ಕೆಲಸದ ಮನೆಯೂ ಬದಲಾಯಿತು. ಕಾದ ಲೋಹದ ಗಡಿಗೆಯ ಬದಲು ಡೆವಲಪರ್, ಫಿಕ್ಸರ್‌ಗಳ ವಾಸನೆ. ಯಂತ್ರದಿಂದ ಬಂದ ಉದ್ದನೆಯ ಫೋಟೊ ಕಾಗದವನ್ನು ಕತ್ತರಿಸಿ, ಮೇಣ ಸವರಿ, ಪುಟದ ಹಾಳೆಗೆ ಅಂಟಿಸುವುದೇ ಹೊಸ ಕಸುಬು. ಒಂದು ತಪ್ಪಕ್ಷರವಿದ್ದರೂ ಆ ಸಾಲನ್ನು ಮತ್ತೆ ಜೋಡಿಸಿ, ತೊಳೆದು, ಒಣಗಿಸಿ, ಬ್ಲೇಡಿನಿಂದ ಹಳೆಯದರ ಮೇಲೆ ಕೂರಿಸಬೇಕು. ತಿದ್ದುಪಡಿಯ ವಿಷಯದಲ್ಲಿ ಸೀಸವೇ ವಾಸಿ ಎಂದು ಹಳಬರು ಗೊಣಗಿದ್ದರಲ್ಲಿ ಹುರುಳಿತ್ತು. ಬೆರಳಚ್ಚು ಬಲ್ಲವರು ಯಾರಾದರೂ ಕೀಲಿಮಣೆಗೆ ಕೂರಬಹುದಾದ್ದರಿಂದ ವರ್ಷಗಟ್ಟಲೆ ಕಲಿತ ಕೈಗಳ ಬೆಲೆ ಕುಸಿಯಿತು. ನ್ಯೂಯಾರ್ಕಿನ ಮುದ್ರಣ ಕಾರ್ಮಿಕರ ಸಂಘ 1974ರಲ್ಲಿ ಜೀವನಪೂರ್ತಿ ಉದ್ಯೋಗದ ಖಾತರಿ ಪಡೆದು ಹೊಸ ಯಂತ್ರಗಳಿಗೆ ಒಪ್ಪಿತು. ‘ನ್ಯೂಯಾರ್ಕ್ ಟೈಮ್ಸ್’ ಕೊನೆಯ ಬಾರಿಗೆ ಲೋಹ ಕಾಯಿಸಿದ್ದು 1978ರ ಜುಲೈ 1ರ ರಾತ್ರಿ. ಲಂಡನ್ನಿನಲ್ಲಿ ಇಷ್ಟು ಸುಲಭವಾಗಲಿಲ್ಲ. ‘ದಿ ಟೈಮ್ಸ್’ 1978-79ರಲ್ಲಿ ಸುಮಾರು ಒಂದು ವರ್ಷ ಮುಚ್ಚಿತ್ತು, ವಾಪಿಂಗ್ ಬಡಾವಣೆಯ ಹೊಸ ಮುದ್ರಣಾಲಯದ ಸುತ್ತ ನಡೆದ 1986ರ ಕಾರ್ಮಿಕ ಸಂಘರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು.

ಅಷ್ಟರಲ್ಲಿ ನೆಗೆಟಿವ್ ಕೂಡ ಅನಗತ್ಯವಾಗತೊಡಗಿತ್ತು. ಜರ್ಮನಿಯ ಕೀಲ್ ನಗರದ ರುಡಾಲ್ಫ್ ಹೆಲ್ 1965ರಲ್ಲಿ ‘ಡಿಜಿಸೆಟ್’ ತೋರಿಸಿದ. ಅದರಲ್ಲಿ ಅಕ್ಷರವಿರುವುದು ಚುಕ್ಕೆಗಳ ಮಾಹಿತಿಯಾಗಿ. ಟೀವಿ ಪರದೆಯಂಥ ಕೊಳವೆಯ ಮೇಲೆ ಅದು ಗೆರೆಗೆರೆಯಾಗಿ ಬೆಳಗಿ, ಫಿಲ್ಮಿಗೆ ಇಳಿಯುತ್ತದೆ. ಬೆಳಕನ್ನು ಹಾಯಗೊಡುತ್ತಿದ್ದ ಅಕ್ಷರ ಈಗ ತಾನೇ ಬೆಳಗಿತು. ಅಮೆರಿಕದ ದೂರವಾಣಿ ಡೈರೆಕ್ಟರಿಗಾಗಿ ಅಕ್ಷರ ವಿನ್ಯಾಸಕಾರ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಮುಗಿಸಿದ ‘ಬೆಲ್ ಸೆಂಟೆನಿಯಲ್’ ಅಕ್ಷರರೂಪ ಈ ಬಗೆಯ ಯಂತ್ರಕ್ಕೆ ಚುಕ್ಕೆ ಚುಕ್ಕೆಯಾಗಿ ಬರೆದದ್ದು. ಅಗ್ಗದ ಕಾಗದದಲ್ಲಿ ಮಸಿ ಹರಡುವುದನ್ನೂ ಲೆಕ್ಕಕ್ಕೆ ಹಿಡಿದು ಅಕ್ಷರಗಳ ಸಂದುಗಳಲ್ಲಿ ಆಳವಾದ ಕಚ್ಚುಗಳನ್ನು ಬಿಡಲಾಗಿತ್ತು.

ಭಾರತೀಯ ಲಿಪಿಗಳಿಗೆ ಮೈಯಿಲ್ಲದ ಅಕ್ಷರದಿಂದ ಸಿಕ್ಕ ಬಿಡುಗಡೆ ರೋಮನ್‌ಗಿಂತ ದೊಡ್ಡದು. ಲೈನೋಟೈಪ್‌ನ ತೊಂಬತ್ತು ಗೂಡುಗಳಿಗೆ ಬಾಂಗ್ಲಾ ಲಿಪಿಯನ್ನು ಹೊಂದಿಸಲು 1930ರ ದಶಕದಲ್ಲಿ ಹಲವು ಸಂಯುಕ್ತಾಕ್ಷರಗಳನ್ನು ಒಡೆಯಬೇಕಾಗಿತ್ತು. ಕೋಲ್ಕತ್ತದ ‘ಆನಂದ ಬಜಾರ್ ಪತ್ರಿಕಾ’ಕ್ಕಾಗಿ ಟಿಮ್ ಹಾಲೊವೆ ಮತ್ತು ಫಿಯೊನಾ ರಾಸ್ 1978-82ರಲ್ಲಿ ಪರದೆಯ ಯಂತ್ರಕ್ಕೆ ರೂಪಿಸಿದ ಬಾಂಗ್ಲಾ ಅಕ್ಷರಗಳಲ್ಲಿ ಆ ಸಂಯುಕ್ತಾಕ್ಷರಗಳು ಮರಳಿದವು. ಕನ್ನಡದ ಸಮಸ್ಯೆಯೂ ಇದೇ ಜಾತಿಯದು. ಒತ್ತಕ್ಷರ ಮೂಲಾಕ್ಷರದ ಅಡಿಗೆ ನುಗ್ಗಬೇಕು, ಅಕ್ಷರಕ್ಕೆ ಅಂಟಿದ ಗುಣಿತಚಿಹ್ನೆ ಬಲಕ್ಕೆ ಚಾಚಬೇಕು; ಚೌಕದ ಮೊಳೆಯಲ್ಲಿ ಇದಕ್ಕೆಲ್ಲ ನೂರಾರು ಬೇರೆ ಬೇರೆ ಮೊಳೆಗಳು, ಇಲ್ಲವೇ ಒತ್ತು ಪಕ್ಕಕ್ಕೆ ಜಾರಿ ಉಳಿಯುವ ಸಡಿಲು ಸಾಲು. ಫಿಲ್ಮಿಗೆ ಆ ಗಡಿಯಿಲ್ಲ. ಆದರೆ ಇಂಥ ಯಂತ್ರ ಕೊಳ್ಳಬಲ್ಲವು ದೊಡ್ಡ ಪತ್ರಿಕೆಗಳು, ದೊಡ್ಡ ಮುದ್ರಣಾಲಯಗಳು ಮಾತ್ರ. ಸಣ್ಣ ಊರುಗಳ ಅಚ್ಚುಕೂಟಗಳಲ್ಲಿ ಬಹುಪಾಲು ಮೊಳೆಪೆಟ್ಟಿಗೆಯಿಂದ ನೇರವಾಗಿ ಡಿಟಿಪಿಗೇ, ಅಂದರೆ ಮೇಜಿನ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ವಿಧಾನಕ್ಕೇ, ಜಿಗಿದವು.

ಆ ಡಿಟಿಪಿಯ ಒಂದು ಬೇರು 1976ರ ಮಾನೋಟೈಪ್ ‘ಲೇಸರ್‌ಕಾಂಪ್’ನಲ್ಲಿದೆ. ಲೇಸರ್ ಕಿರಣ ಇಡೀ ಪುಟವನ್ನು ಚುಕ್ಕೆಗಳಾಗಿ ಗುಡಿಸಿಕೊಂಡು ಹೋಗುವುದರಿಂದ ಅಕ್ಷರ, ಚಿತ್ರ ಎಂಬ ಭೇದವೇ ಅದಕ್ಕಿಲ್ಲ. ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವಿವರಣೆಯ ಭಾಷೆ ಅಕ್ಷರವನ್ನು ಗಣಿತದ ವಕ್ರರೇಖೆಯಾಗಿ ಬರೆದಿಟ್ಟಿತು, 1985ರಲ್ಲಿ ಲೇಸರ್‌ರೈಟರ್ ಪ್ರಿಂಟರ್ ಮತ್ತು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಒಟ್ಟಿಗೆ ಬಂದವು. ಮೊರಿಸಾವಾ ಅಡೋಬಿ ಜೊತೆ ಕೈಜೋಡಿಸಿತು. ಶಾಕೆನ್ ತನ್ನ ಅಕ್ಷರಗಳನ್ನು ಸ್ವಂತ ಯಂತ್ರಗಳಿಗೇ ಮೀಸಲಿಟ್ಟು ಮಾರುಕಟ್ಟೆ ಕಳೆದುಕೊಂಡಿತು. 1990ರ ದಶಕದಲ್ಲಿ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟಿಗೆ ಬಿಂಬ ಇಳಿಸುವ ಯಂತ್ರಗಳು ಬಂದಮೇಲೆ ನಡುವಿನ ಫಿಲ್ಮ್ ಕೂಡ ಕೆಲಸ ಕಳೆದುಕೊಂಡಿತು.